ಕಾನೂನು ಪ್ರಶ್ನೋತ್ತರ: ಸುತ್ತೋಲೆಯ ಹಿಂದೆ ಯಾವ ಕಾಯ್ದೆ ಇದೆ?

ಈ ಸಲದ ಅಂಚೆಯಲ್ಲಿ ಬಂದ ಪತ್ರಗಳ ವಿಷಯ ಶುಲ್ಕ, ಮದುವೆ, ಆಸ್ತಿ, ಚೆಕ್ಕು ಎಂದು ಬೇರೆ ಬೇರೆಯಾಗಿದ್ದರೂ ಆರು ಪತ್ರಗಳು ಕೊನೆಗೆ ಒಂದೇ ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತವೆ. ‘ಇದು ಕಾನೂನು’ ಎಂದು ನಮ್ಮ ಮುಂದೆ ಇಟ್ಟದ್ದಕ್ಕೆ ಆ ಬಲ ಬಂದದ್ದು ಎಲ್ಲಿಂದ? ಆದ್ದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಗ್ರಾಮ ಪಂಚಾಯತಿ ಸದಸ್ಯ. ಒಂದು ಬಗೆಯ ಅರ್ಜಿಗೆ ಹೊಸದಾಗಿ ಶುಲ್ಕ ವಸೂಲು ಮಾಡಬೇಕೆಂದು ಮೇಲಿನ ಕಚೇರಿಯಿಂದ ಸುತ್ತೋಲೆ ಬಂದಿದೆಯಂತೆ. ಊರಿನವರು ‘ಇದು ಯಾವ ಕಾನೂನು?’ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಸುತ್ತೋಲೆ ಕಾನೂನೇ? ಅಧಿನಿಯಮ, ನಿಯಮ, ಅಧಿಸೂಚನೆ ಇವುಗಳಿಗೂ ಅದಕ್ಕೂ ಏನು ವ್ಯತ್ಯಾಸ?

ಉತ್ತರ: ಸುತ್ತೋಲೆ ತನ್ನಷ್ಟಕ್ಕೆ ತಾನೇ ಕಾನೂನಲ್ಲ. ಮೇಲಧಿಕಾರಿ ತನ್ನ ಕೈಕೆಳಗಿನ ಸಿಬ್ಬಂದಿಗೆ ಕೊಡುವ ಸೂಚನೆ ಅದು. ಅದನ್ನು ಪಾಲಿಸದ ನೌಕರನ ಮೇಲೆ ಶಿಸ್ತುಕ್ರಮ ಆಗಬಹುದೇ ಹೊರತು, ಕಾಯ್ದೆಯಲ್ಲಿ ಇಲ್ಲದ ಹೊರೆಯೊಂದನ್ನು ನಾಗರಿಕನ ಹೆಗಲಿಗೆ ಏರಿಸುವ ಶಕ್ತಿ ಅದಕ್ಕಿಲ್ಲ.

ಕಾಯ್ದೆಗಳಿಗೆ ತಾಯಿ ಸಂವಿಧಾನ. ಅದರ 246ನೇ ವಿಧಿ ಮತ್ತು ಏಳನೇ ಅನುಸೂಚಿ ಯಾವ ವಿಷಯದ ಮೇಲೆ ಸಂಸತ್ತು ಕಾನೂನು ಮಾಡಬೇಕು, ಯಾವುದರ ಮೇಲೆ ರಾಜ್ಯದ ವಿಧಾನಮಂಡಲ ಮಾಡಬೇಕು, ಯಾವುದು ಇಬ್ಬರಿಗೂ ಸೇರಿದ್ದು ಎಂದು ಹಂಚಿಕೊಟ್ಟಿವೆ. ಸದನದಲ್ಲಿ ಮಂಡಿಸುವಾಗ ಅದು ಮಸೂದೆ ಅಥವಾ ವಿಧೇಯಕ. ಸದನ ಒಪ್ಪಿ, ರಾಜ್ಯಪಾಲರ ಅಥವಾ ರಾಷ್ಟ್ರಪತಿಯವರ ಅಂಕಿತ ಬಿದ್ದ ಮೇಲೆ ಅಧಿನಿಯಮ. ನಾವು ಆಡುಮಾತಿನಲ್ಲಿ ಕಾಯ್ದೆ ಎನ್ನುವುದು ಇದನ್ನೇ. ಆದರೆ ಅರ್ಜಿಯ ನಮೂನೆ ಹೇಗಿರಬೇಕು, ಎಷ್ಟು ದಿನದೊಳಗೆ ನೋಟಿಸು ಕೊಡಬೇಕು ಎಂಬ ಸಣ್ಣ ವಿವರಗಳನ್ನೆಲ್ಲ ಸದನ ಬರೆಯುತ್ತ ಕೂರಲಾಗದು. ಅದಕ್ಕೆಂದು ಕಾಯ್ದೆಯೇ ಒಂದು ಕಲಮಿನಲ್ಲಿ ಸರ್ಕಾರಕ್ಕೆ ‘ನಿಯಮಗಳನ್ನು ಮಾಡಿಕೊಳ್ಳಿ’ ಎಂದು ಅಧಿಕಾರ ಕೊಟ್ಟಿರುತ್ತದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಅಡಿಯಲ್ಲಿ 1966ರ ಭೂಕಂದಾಯ ನಿಯಮಗಳು ಹುಟ್ಟಿದ್ದು ಹೀಗೆ. ವಕೀಲರು ಮೊದಲನೆಯದನ್ನು ಮಾತೃ ಕಾಯ್ದೆ ಎನ್ನುತ್ತಾರೆ. ತಾಯಿ ಕೊಡದ ಅಧಿಕಾರವನ್ನು ಮಗು ಚಲಾಯಿಸಿದರೆ ನ್ಯಾಯಾಲಯ ಆ ನಿಯಮವನ್ನು ರದ್ದುಪಡಿಸುತ್ತದೆ. ಪುರಸಭೆಗಳ ಉಪವಿಧಿಗಳೂ, ಅಂದರೆ ಬೈಲಾಗಳೂ, ಇದೇ ಜಾತಿಗೆ ಸೇರಿದವು.

ಅಧಿಸೂಚನೆಯೂ ಕಾಯ್ದೆ ಕೊಟ್ಟ ಅಧಿಕಾರದಿಂದಲೇ ಹೊರಡುವಂಥದ್ದು. ಕಾಯ್ದೆ ಯಾವ ದಿನ ಜಾರಿಗೆ ಬರಬೇಕು, ಯಾರಿಗೆ ಅದರಿಂದ ವಿನಾಯಿತಿ ಎಂಬುದನ್ನು ಅದು ತಿಳಿಸುತ್ತದೆ. ಕೊಡವರು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವುದನ್ನು ಎಷ್ಟೋ ಜನ ಬರಿಯ ಸಂಪ್ರದಾಯದ ಹಕ್ಕು ಎಂದುಕೊಂಡಿದ್ದಾರೆ. ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಕ್ಕೆ ಪೂಜೆ ಮಾಡುವುದು ಸಂಪ್ರದಾಯವೇ ಸರಿ. ಪರವಾನಗಿಯಿಂದ ವಿನಾಯಿತಿ ಸಿಕ್ಕಿರುವುದು ಮಾತ್ರ 1959ರ ಶಸ್ತ್ರಾಸ್ತ್ರ ಅಧಿನಿಯಮದ 41ನೇ ಕಲಮಿನ ಅಡಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಿಂದ. ಅದು ಜಮ್ಮಾ ಹಿಡುವಳಿದಾರರಿಗೂ, ಅಂದರೆ ಕೊಡಗಿನ ವಂಶಪಾರಂಪರ್ಯ ಭೂಹಿಡುವಳಿಯವರಿಗೂ, ಅನ್ವಯಿಸುತ್ತದೆ, 2019ರಲ್ಲಿ ನವೀಕರಣಗೊಂಡಾಗ ಅದಕ್ಕೆ 2029ರವರೆಗೆ ಎಂಬ ಗಡುವೂ ಬಿದ್ದಿದೆ. ಸಂಪ್ರದಾಯಕ್ಕೆ ಗಡುವಿಲ್ಲ, ಅಧಿಸೂಚನೆಗೆ ಇರಬಹುದು.

ಇನ್ನೊಂದು ಅಂಶವೂ ಇಲ್ಲಿ ಮುಖ್ಯ. ಪ್ರಕಟವಾಗದ್ದು ಕಾನೂನಾಗದು. ಜೈಪುರ ಸಂಸ್ಥಾನದ ಮಂತ್ರಿಮಂಡಲ 1923ರಲ್ಲಿ ಅಫೀಮು ಕಾಯ್ದೆಯೊಂದನ್ನು ನಿರ್ಣಯದ ಮೂಲಕ ಅಂಗೀಕರಿಸಿತ್ತು, ಆದರೆ ಅದನ್ನು ಯಾವ ರೀತಿಯಲ್ಲೂ ಜನರಿಗೆ ತಿಳಿಸಿರಲಿಲ್ಲ. ಅದರ ಅಡಿಯಲ್ಲಿ ಶಿಕ್ಷೆಗೊಳಗಾದ ವ್ಯಕ್ತಿಯ ಮೇಲ್ಮನವಿ ಬಂದಾಗ ಸುಪ್ರೀಂ ಕೋರ್ಟ್ 1951ರಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾಡಿಟ್ಟ ಕಾನೂನಿಗೆ ಜನರನ್ನು ಹೊಣೆ ಮಾಡುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ತೀರ್ಮಾನಿಸಿತು. ರಾಜ್ಯಪತ್ರ, ಅಂದರೆ ಸರ್ಕಾರದ ಗೆಜೆಟ್, ಇರುವುದೇ ಈ ಕಾರಣಕ್ಕೆ.

ನಿಮ್ಮ ಶುಲ್ಕದ ಮಾತಿಗೆ ಬರುತ್ತೇನೆ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. ಪಂಚಾಯತಿಗಳು ತೆರಿಗೆ, ಸುಂಕ, ಶುಲ್ಕಗಳನ್ನು ವಿಧಿಸುವ ಅಧಿಕಾರವನ್ನು ರಾಜ್ಯದ ವಿಧಾನಮಂಡಲ ಕಾನೂನಿನ ಮೂಲಕ ಕೊಡಬೇಕೆಂದು 243ಎಚ್ ವಿಧಿ ತಿಳಿಸುತ್ತದೆ. ಆದ್ದರಿಂದ ನೀವು ಆ ಸುತ್ತೋಲೆಯ ಪ್ರತಿ ತರಿಸಿಕೊಂಡು, ಅದರ ಮೇಲ್ಭಾಗದಲ್ಲಿ ‘ಉಲ್ಲೇಖ’ ಎಂದಿರುವಲ್ಲಿ ಯಾವ ಅಧಿನಿಯಮದ ಯಾವ ಕಲಂ, ಅಥವಾ ಯಾವ ನಿಯಮ ನಮೂದಾಗಿದೆಯೆಂದು ಮೊದಲು ನೋಡಿ. ಅಲ್ಲಿ ಹಿಂದಿನ ಸುತ್ತೋಲೆಯ ಸಂಖ್ಯೆ ಮಾತ್ರ ಇದ್ದರೆ ಅನುಮಾನಪಡಲು ಕಾರಣವಿದೆ. ಪ್ರತಿ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕಾಯ್ದೆಯಲ್ಲಿ ಆಧಾರ ಸಿಕ್ಕಿತೆಂದರೆ ಊರಿನವರು ಆ ಶುಲ್ಕ ಕಟ್ಟಲೇಬೇಕಾಗುತ್ತದೆ ಎಂಬುದನ್ನೂ ಅವರಿಗೆ ತಿಳಿಸಿ.

ಪ್ರಶ್ನೆ: ನನ್ನ ಅಕ್ಕನಿಗೆ ಸೋದರಮಾವನೊಂದಿಗೆ ಮದುವೆಯಾಗಿ ಹದಿನೆಂಟು ವರ್ಷವಾಯಿತು. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಇಂಥ ಮದುವೆ ಅಸಿಂಧು ಎಂದು ಪರಿಚಿತರೊಬ್ಬರು ಹೇಳಿದ್ದರಿಂದ ಮನೆಯಲ್ಲಿ ಗಾಬರಿಯಾಗಿದೆ. ನಮ್ಮ ಕಡೆ ತಲೆತಲಾಂತರದಿಂದ ನಡೆದು ಬಂದ ಪದ್ಧತಿಯಿದು. ರೂಢಿ ದೊಡ್ಡದೋ, ಕಾಯ್ದೆ ದೊಡ್ಡದೋ?

ಉತ್ತರ: ಗಾಬರಿಪಡಬೇಡಿ. ನಿಮ್ಮ ಪರಿಚಿತರು ಕಲಮಿನ ಅರ್ಧ ಓದಿದ್ದಾರೆ. 1955ರ ಹಿಂದೂ ವಿವಾಹ ಅಧಿನಿಯಮದ 3ನೇ ಕಲಂ ನಿಷೇಧಿತ ಸಂಬಂಧಗಳ ಪಟ್ಟಿ ಕೊಡುತ್ತದೆ. ಅದರಲ್ಲಿ ಮಾವ ಮತ್ತು ಸೋದರ ಸೊಸೆ ಇದ್ದಾರೆ, ಅಣ್ಣ-ತಂಗಿಯರ ಮಕ್ಕಳೂ ಇದ್ದಾರೆ. ಅಂದರೆ ಸೋದರಮಾವ ಮಾತ್ರವಲ್ಲ, ನಮ್ಮಲ್ಲಿ ಅತ್ಯಂತ ಸಹಜವೆನಿಸಿದ ಸೋದರತ್ತೆಯ ಮಗನೂ ಆ ಪಟ್ಟಿಯೊಳಗೇ ಬರುತ್ತಾನೆ. ಆದರೆ 5ನೇ ಕಲಂ ಅಂಥ ಮದುವೆಯನ್ನು ನಿಷೇಧಿಸುವಾಗಲೇ, ವಧು ಮತ್ತು ವರ ಇಬ್ಬರಿಗೂ ಅನ್ವಯಿಸುವ ರೂಢಿ ಅಥವಾ ಬಳಕೆ ಅದಕ್ಕೆ ಅವಕಾಶ ಕೊಟ್ಟಿದ್ದರೆ ನಿಷೇಧವಿಲ್ಲ ಎಂದು ಸೇರಿಸಿದೆ. ನಿಮ್ಮ ಸಮುದಾಯದಲ್ಲಿ ಆ ರೂಢಿ ನಿಜವಾಗಿ ಇದ್ದರೆ ನಿಮ್ಮ ಅಕ್ಕನ ಮದುವೆ ಸಿಂಧುವೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರೂಢಿ ಕಾಯ್ದೆಯನ್ನು ಸೋಲಿಸಿ ಉಳಿದದ್ದಲ್ಲ, ಕಾಯ್ದೆಯೇ ಬಾಗಿಲು ತೆರೆದಿಟ್ಟದ್ದರಿಂದ ಉಳಿದಿದೆ. ಅದೇ ಅಧಿನಿಯಮದ 4ನೇ ಕಲಮಿನ ಪ್ರಕಾರ, ಕಾಯ್ದೆ ಸ್ವತಃ ವಿವರಿಸಿರುವ ವಿಷಯಗಳಲ್ಲಿ ಹಳೆಯ ಶಾಸ್ತ್ರವಚನವಾಗಲಿ, ರೂಢಿಯಾಗಲಿ ನಡೆಯುವುದಿಲ್ಲ. ಕಾಯ್ದೆ ಸ್ಪಷ್ಟವಾಗಿ ಉಳಿಸಿಕೊಟ್ಟಷ್ಟು ಮಾತ್ರ ಉಳಿಯುತ್ತದೆ.

ಹಿಂದೆ ಹೀಗಿರಲಿಲ್ಲ. ಮನುಸ್ಮೃತಿ ಧರ್ಮಕ್ಕೆ ವೇದ, ಸ್ಮೃತಿ, ಸದಾಚಾರ, ಆತ್ಮತುಷ್ಟಿ ಎಂಬ ನಾಲ್ಕು ಮೂಲಗಳನ್ನು ಹೇಳಿತು. ಬೌಧಾಯನ ಧರ್ಮಸೂತ್ರವಂತೂ ದಕ್ಷಿಣದವರ ವಿಶೇಷ ಆಚಾರಗಳ ಪಟ್ಟಿಯಲ್ಲಿ ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ಮದುವೆಯಾಗುವುದನ್ನು ಹೆಸರಿಸಿಯೇ ಇದೆ. ನಿಮ್ಮ ಮನೆಯ ವಾದ ಎರಡು ಸಾವಿರ ವರ್ಷಗಳಿಗೂ ಹಳೆಯದು. ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನ ಬಂಗಾಳವನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ಭಾರತದ ಹಿಂದೂಗಳ ಆಸ್ತಿ ಕಾನೂನಾಯಿತು. ಒಬ್ಬ ವ್ಯಾಖ್ಯಾನಕಾರನ ಮಾತು ಯಾವ ಸದನವೂ ಒಪ್ಪದೆ, ಯಾವ ರಾಜ್ಯಪತ್ರದಲ್ಲೂ ಅಚ್ಚಾಗದೆ ಎಂಟುನೂರು ವರ್ಷ ಕಾನೂನಾಗಿ ನಡೆಯಿತೆಂಬುದು ಇಂದಿನ ಕಾನೂನು ವಿದ್ಯಾರ್ಥಿಗಳಿಗೆ ನಂಬಲು ಕಷ್ಟವಾದ ಸಂಗತಿ. ಅಂಥ ಗ್ರಂಥವಚನಕ್ಕಿಂತಲೂ ಸ್ಪಷ್ಟವಾಗಿ ರುಜುವಾತಾದ ರೂಢಿಯೇ ಹೆಚ್ಚು ತೂಕದ್ದೆಂದು ಆಗ ಭಾರತದ ಮೇಲ್ಮನವಿಗಳಿಗೆ ಕೊನೆಯ ನ್ಯಾಯಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1868ರಲ್ಲಿ ಮಧುರೆಯ ಕಲೆಕ್ಟರ್ ಪ್ರಕರಣದಲ್ಲಿ ಹೇಳಿತ್ತು.

ಇಂದು ರೂಢಿಯನ್ನು ರುಜುವಾತು ಮಾಡುವ ಹೊಣೆ ಅದನ್ನು ಹೇಳಿಕೊಳ್ಳುವವರ ಮೇಲಿದೆ. ಅದು ಬಹುಕಾಲದಿಂದ, ಎಡೆಬಿಡದೆ, ಒಂದೇ ರೀತಿಯಲ್ಲಿ ನಡೆದು ಬಂದಿರಬೇಕು, ಖಚಿತವಾಗಿರಬೇಕು, ಅವಿವೇಕದ್ದಾಗಲಿ, ಸಾರ್ವಜನಿಕ ಹಿತಕ್ಕೆ ವಿರುದ್ಧವಾದದ್ದಾಗಲಿ ಆಗಿರಬಾರದು. ಬಂಧುಬಳಗದಲ್ಲಿ ನಡೆದ ಇಂಥ ಮದುವೆಗಳ ಲಗ್ನಪತ್ರಿಕೆಗಳು, ಹಿರಿಯರ ಸಾಕ್ಷ್ಯ, ಹಿಂದಿನ ತೀರ್ಪುಗಳು ಇದಕ್ಕೆ ಪುರಾವೆಯಾಗುತ್ತವೆ. ಹಾಗೆಯೇ ಸಂವಿಧಾನದ 13ನೇ ವಿಧಿ ‘ಕಾನೂನು’ ಎಂಬ ಪದದೊಳಗೆ ರೂಢಿಯನ್ನೂ ಸೇರಿಸಿಕೊಂಡು, ಮೂಲಭೂತ ಹಕ್ಕುಗಳಿಗೆ ವಿರುದ್ಧವಾದದ್ದು ಶೂನ್ಯವೆಂದು ಸಾರಿದೆ. ದೇವದಾಸಿಯಾಗಿ ಸಮರ್ಪಿಸುವ ಪದ್ಧತಿಯೂ ಹಳೆಯದೇ ಆಗಿತ್ತು. 1982ರ ಕರ್ನಾಟಕದ ಅಧಿನಿಯಮ ಅದನ್ನು ಅಪರಾಧವಾಗಿಸಿತು. ಹಳೆಯದೆಂಬ ಒಂದೇ ಕಾರಣಕ್ಕೆ ಯಾವ ರೂಢಿಗೂ ರಕ್ಷಣೆಯಿಲ್ಲ.

ಪ್ರಶ್ನೆ: ನಾನು ಕಾಸರಗೋಡಿನ ನಿವೃತ್ತ ಅಧ್ಯಾಪಕ. ಕಾನೂನು ಮಾಡುವುದು ಶಾಸಕಾಂಗ, ಅರ್ಥ ಹೇಳುವುದು ನ್ಯಾಯಾಂಗ ಎಂದು ಮಕ್ಕಳಿಗೆ ಕಲಿಸಿದೆ. ಆದರೆ ತೀರ್ಪೂ ಕಾನೂನಿನ ಮೂಲವೆಂದು ಪುಸ್ತಕಗಳಲ್ಲಿದೆ. ಎರಡರಲ್ಲಿ ಯಾವುದು ಸರಿ?

ಉತ್ತರ: ಎರಡೂ ಸರಿ, ಮತ್ತು ಇದಕ್ಕೆ ಅತಿ ದೊಡ್ಡ ಉದಾಹರಣೆ ನಿಮ್ಮ ಊರಿನ ಪಕ್ಕದಲ್ಲೇ ಇದೆ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಜಮೀನಿಗೆ ಒದಗಿದ ಕುತ್ತನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು ಏಳು–ಆರರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ತೀರ್ಪಿತ್ತಿತು. ‘ಮೂಲ ಸ್ವರೂಪ’ ಎಂಬ ಮಾತು ಸಂವಿಧಾನದ ಯಾವ ವಿಧಿಯಲ್ಲೂ ಇಲ್ಲ. ಆದರೂ ಇಂದು ಯಾವ ತಿದ್ದುಪಡಿಯೂ ಆ ಮಾತನ್ನು ದಾಟಿ ಹೋಗಲಾರದು. ಬಹುಮತದ ಏಳು ಮಂದಿಯಲ್ಲಿ ಕನ್ನಡ ಕರಾವಳಿಯವರೇ ಆದ ಕೆ.ಎಸ್. ಹೆಗ್ಡೆಯವರೂ ಇದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ತೀರ್ಪಿಗೆ ಈ ಬಲ ಬಂದದ್ದು ಸಂವಿಧಾನದ 141ನೇ ವಿಧಿಯಿಂದ. ಸುಪ್ರೀಂ ಕೋರ್ಟ್ ಘೋಷಿಸಿದ ಕಾನೂನು ಭಾರತದ ಎಲ್ಲ ನ್ಯಾಯಾಲಯಗಳಿಗೂ ಬದ್ಧ. ಆದರೆ ತೀರ್ಪಿನ ಪ್ರತಿಯೊಂದು ವಾಕ್ಯವೂ ಕಾನೂನಲ್ಲ. ಆ ಪ್ರಕರಣವನ್ನು ತೀರ್ಮಾನಿಸಲು ಅಗತ್ಯವಾಗಿದ್ದ ತತ್ವ ಮಾತ್ರ ಪೂರ್ವನಿರ್ಣಯವಾಗಿ ಕಟ್ಟುಬೀಳಿಸುತ್ತದೆ. ವಿಚಾರಣೆಯ ವೇಳೆ ನ್ಯಾಯಮೂರ್ತಿಗಳು ಬಾಯಿಮಾತಿನಲ್ಲಿ ಹೇಳಿದ್ದನ್ನು ‘ಸುಪ್ರೀಂ ಕೋರ್ಟ್ ಆದೇಶ’ ಎಂದು ದಪ್ಪಕ್ಷರದಲ್ಲಿ ಹಾಕುವ ಸುದ್ದಿಗಳಿಂದ ನನ್ನ ಕಕ್ಷಿದಾರರು ಪಡುವ ಪಾಡನ್ನು ಬರೆಯಹೊರಟರೆ ಈ ಅಂಕಣ ಸಾಲದು.

ಕಾಯ್ದೆಯ ಅಕ್ಷರ ಬದಲಾಗದೆ ಅದರ ಅರ್ಥ ಮಾತ್ರ ಬದಲಾಗುವುದನ್ನು ಕರ್ನಾಟಕದ ಹೆಣ್ಣುಮಕ್ಕಳು ಚೆನ್ನಾಗಿ ಬಲ್ಲರು. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ತಂದು, ಅದಕ್ಕೆ ಮೊದಲು ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ಹಾಗಾದರೆ ಆ ದಿನಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೆ? ಕರ್ನಾಟಕದಿಂದ ಹೋದ ಫೂಲವತಿ ಪ್ರಕರಣದಲ್ಲಿ 2015ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಅಂದು ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಹಕ್ಕು ಎಂದಿತು. 2018ರಲ್ಲಿ, ಇದೂ ಕರ್ನಾಟಕದಿಂದಲೇ ಹೋದ ದಾನಮ್ಮ ಪ್ರಕರಣದಲ್ಲಿ, ಇನ್ನೊಂದು ದ್ವಿಸದಸ್ಯ ಪೀಠ ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಕೆಳ ನ್ಯಾಯಾಲಯಗಳು ಯಾವುದನ್ನು ಅನುಸರಿಸಬೇಕೆಂದು ತೋಚದೆ ಒದ್ದಾಡಿದವು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಹಕ್ಕು ಹುಟ್ಟಿನಿಂದ ಬರುವುದರಿಂದ ಆ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು ಇತ್ಯರ್ಥಪಡಿಸಿ, ಫೂಲವತಿ ತೀರ್ಪನ್ನು ತಳ್ಳಿಹಾಕಿತು. ಐದು ವರ್ಷಗಳಲ್ಲಿ ಕಾಯ್ದೆಯ ಒಂದು ಅಕ್ಷರವೂ ಬದಲಾಗಲಿಲ್ಲ. ಪೀಠದ ಗಾತ್ರ ಬದಲಾಯಿತು, ಮತ್ತು ದೊಡ್ಡ ಪೀಠದ ಮಾತು ಚಿಕ್ಕ ಪೀಠವನ್ನು ಕಟ್ಟಿಹಾಕುತ್ತದೆ.

ಕಾಯ್ದೆಯೇ ಇಲ್ಲದ ಕಡೆ ನ್ಯಾಯಾಲಯ ತಾತ್ಕಾಲಿಕವಾಗಿ ಕಾನೂನು ಕಟ್ಟಿಕೊಟ್ಟದ್ದೂ ಉಂಟು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ಬಗ್ಗೆ 1997ರ ವಿಶಾಖಾ ತೀರ್ಪಿನ ಮಾರ್ಗಸೂಚಿಗಳು, ಸಂಸತ್ತು 2013ರಲ್ಲಿ ಅಧಿನಿಯಮ ಮಾಡುವವರೆಗೆ ಹದಿನಾರು ವರ್ಷ ಕಾನೂನಿನ ಜಾಗದಲ್ಲಿ ನಿಂತು ಕೆಲಸ ಮಾಡಿದವು.

ಪ್ರಶ್ನೆ: ಸಾಲ ಪಡೆದವರು ಕೊಟ್ಟ ಚೆಕ್ಕು ಹಣವಿಲ್ಲದೆ ವಾಪಸು ಬಂದಿದೆ. ಒಬ್ಬ ವಕೀಲರು ಸಿವಿಲ್ ದಾವೆ ಹಾಕೋಣ ಎನ್ನುತ್ತಾರೆ, ಇನ್ನೊಬ್ಬರು ಕ್ರಿಮಿನಲ್ ಕೇಸು ಎನ್ನುತ್ತಾರೆ. ಒಂದೇ ವಿಷಯ ಎರಡೂ ಆಗುವುದು ಹೇಗೆ?

ಉತ್ತರ: ಆಗುತ್ತದೆ. ಸಿವಿಲ್ ಕಾನೂನಿನಲ್ಲಿ ನೀವು ವಾದಿ, ಎದುರಾಳಿ ಪ್ರತಿವಾದಿ. ನಿಮ್ಮ ಹಣ ನಿಮಗೆ ಸೇರಬೇಕೆಂಬುದು ಗುರಿ. ಯಾರ ಕಡೆ ಸಂಭವನೀಯತೆ ಹೆಚ್ಚಿದೆಯೋ ಅವರು ಗೆಲ್ಲುತ್ತಾರೆ. ಕ್ರಿಮಿನಲ್ ಕಾನೂನಿನಲ್ಲಿ ತಪ್ಪು ಸಮಾಜಕ್ಕೆ ಎಸಗಿದ್ದೆಂದು ಭಾವಿಸುವುದರಿಂದ ಸಾಮಾನ್ಯವಾಗಿ ಸರ್ಕಾರವೇ ಆರೋಪಿಯ ಎದುರು ನಿಲ್ಲುತ್ತದೆ, ಮತ್ತು ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ ಆರೋಪ ರುಜುವಾತಾಗಬೇಕು. ಇದು ಹಳೆಯ ದಿವಾನಿ, ಫೌಜುದಾರಿ ಎಂಬ ವಿಂಗಡಣೆಯೇ.

ಚೆಕ್ಕಿನ ಪ್ರಕರಣ ಮಾತ್ರ ಈ ಎರಡು ಮನೆಗಳ ನಡುಗೋಡೆಯ ಮೇಲೆ ಕೂತಿದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಅಧಿನಿಯಮಕ್ಕೆ 1988ರಲ್ಲಿ ಸೇರಿದ 138ನೇ ಕಲಂ, ಸಾಲ ತೀರಿಸಲು ಕೊಟ್ಟ ಚೆಕ್ಕು ಅಮಾನ್ಯವಾಗುವುದನ್ನು ಎರಡು ವರ್ಷದವರೆಗಿನ ಸೆರೆವಾಸ ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗಿನ ದಂಡ, ಅಥವಾ ಎರಡನ್ನೂ ಈಗ ವಿಧಿಸಬಹುದಾದ ಅಪರಾಧವನ್ನಾಗಿ ಮಾಡಿದೆ. ಇದನ್ನು ತೋಳದ ತೊಗಲು ಹೊದ್ದ ಕುರಿಯೆಂದು, ಅಂದರೆ ಕ್ರಿಮಿನಲ್ ವೇಷದ ಸಿವಿಲ್ ವ್ಯಾಜ್ಯವೆಂದು, ಸುಪ್ರೀಂ ಕೋರ್ಟ್ 2021ರ ತೀರ್ಪೊಂದರಲ್ಲಿ ಬಣ್ಣಿಸಿದೆ. ಹಣ ವಸೂಲಿಗೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶವಿದೆ. ಆದರೆ 138ರ ಗಡಿಯಾರ ಬೇಗ ಓಡುತ್ತದೆ: ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸು ಕೊಡಬೇಕು, ಅದು ತಲುಪಿ 15 ದಿನದೊಳಗೆ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು ದಾಖಲಿಸಬೇಕು. ಇಬ್ಬರು ವಕೀಲರೂ ಹೇಳಿದ್ದು ಸರಿ. ಮೊದಲು ನೋಟಿಸು ಕಳುಹಿಸಿ, ಚರ್ಚೆ ಆಮೇಲೆ ಇರಲಿ.

ಪ್ರಶ್ನೆ: ಸದನ ಸೇರದಿದ್ದಾಗ ಸರ್ಕಾರ ಹೊರಡಿಸುವ ಸುಗ್ರೀವಾಜ್ಞೆ ಪೂರ್ಣ ಪ್ರಮಾಣದ ಕಾನೂನೇ? ಆ ಹೆಸರು ಎಲ್ಲಿಂದ ಬಂತು?

ಉತ್ತರ: ಅದು ಜಾರಿಯಲ್ಲಿರುವಷ್ಟು ದಿನ ಅಧಿನಿಯಮಕ್ಕೆ ಇರುವ ಬಲವೇ ಅದಕ್ಕೂ ಇದೆ. ರಾಷ್ಟ್ರಪತಿಯವರಿಗೆ 123ನೇ ವಿಧಿ, ರಾಜ್ಯಪಾಲರಿಗೆ 213ನೇ ವಿಧಿ ಈ ಅಧಿಕಾರ ಕೊಟ್ಟಿವೆ. ಸದನ ಮತ್ತೆ ಸೇರಿದ ಆರು ವಾರಗಳೊಳಗೆ ಒಪ್ಪಿಗೆ ದೊರೆಯದಿದ್ದರೆ ಅದು ತಾನಾಗಿ ಸಾಯುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯ 2025ರ ಫೆಬ್ರುವರಿಯಲ್ಲಿ ತಂದದ್ದು ಇಂಥದ್ದೇ. ರಾಜ್ಯಪಾಲರು ಮೊದಲು ಅದನ್ನು ಹಿಂದಿರುಗಿಸಿ, ಸರ್ಕಾರ ಮತ್ತೆ ಕಳುಹಿಸಿದಾಗ ಅಂಕಿತ ಹಾಕಿದರು. ಇದರ ದುರುಪಯೋಗಕ್ಕೆ ಹೆಸರಾದದ್ದು ಬಿಹಾರ. ಅಲ್ಲಿ 1967ರಿಂದ 1981ರವರೆಗೆ ಹೊರಡಿಸಿದ 256 ಸುಗ್ರೀವಾಜ್ಞೆಗಳನ್ನು ಸದನದ ಮುಂದಿಡದೆ ಮತ್ತೆ ಮತ್ತೆ ಹೊರಡಿಸಿ, ಕೆಲವನ್ನು ಹದಿನಾಲ್ಕು ವರ್ಷ ಬದುಕಿಸಿಟ್ಟಿದ್ದರು. ಪುಣೆಯ ಅರ್ಥಶಾಸ್ತ್ರ ಪ್ರಾಧ್ಯಾಪಕ ಡಿ.ಸಿ. ವಾಧ್ವಾ ಇದನ್ನು ಅಗೆದು ತೆಗೆದು ಸುಪ್ರೀಂ ಕೋರ್ಟಿಗೆ ಹೋದ ಮೇಲೆ ನ್ಯಾಯಾಲಯ ಅದನ್ನು ಸಂವಿಧಾನಕ್ಕೆ ಬಗೆದ ವಂಚನೆ ಎಂದಿತು.

ಹೆಸರು ರಾಮಾಯಣದ್ದು. ಸೀತೆಯನ್ನು ಹುಡುಕಿ ಒಂದು ತಿಂಗಳೊಳಗೆ ಮರಳಬೇಕು, ತಪ್ಪಿದರೆ ಮರಣದಂಡನೆ ಎಂದು ಸುಗ್ರೀವ ಕಪಿಸೈನ್ಯಕ್ಕೆ ಕೊಟ್ಟ ಆಜ್ಞೆ ಕನ್ನಡದಲ್ಲಿ ಎದುರಾಡಲಾಗದ ಕಟ್ಟಪ್ಪಣೆಗೆ ನುಡಿಗಟ್ಟಾಯಿತು. ಸದನ ಎದುರಾಡಬಹುದಾದ, ಆರು ವಾರದಲ್ಲಿ ಬೀಳಬಹುದಾದ ಒಂದು ಕಾನೂನಿಗೆ ಈ ಹೆಸರು ಅಂಟಿಕೊಂಡದ್ದು ನನಗಂತೂ ಸೋಜಿಗ.

ಪ್ರಶ್ನೆ: ಒಂದು ಕಾಯ್ದೆಯ ಕನ್ನಡ ಮತ್ತು ಇಂಗ್ಲಿಷ್ ಪಠ್ಯಗಳಲ್ಲಿ ವ್ಯತ್ಯಾಸ ಕಂಡರೆ ಯಾವುದನ್ನು ನಂಬಬೇಕು?

ಉತ್ತರ: ಸಂವಿಧಾನದ 348ನೇ ವಿಧಿಯ ಪ್ರಕಾರ, ಸಂಸತ್ತು ಬೇರೆ ಏರ್ಪಾಡು ಮಾಡುವವರೆಗೆ ಮಸೂದೆ, ಅಧಿನಿಯಮ, ನಿಯಮಗಳ ಅಧಿಕೃತ ಪಠ್ಯ ಇಂಗ್ಲಿಷಿನಲ್ಲಿರಬೇಕು. ರಾಜ್ಯದ ವಿಧಾನಮಂಡಲ ತನ್ನ ಕಾನೂನುಗಳಿಗೆ ಬೇರೆ ಭಾಷೆಯನ್ನು ಗೊತ್ತುಪಡಿಸಿಕೊಂಡಿದ್ದರೂ, ರಾಜ್ಯಪಾಲರ ಅಧಿಕಾರದ ಮೇರೆಗೆ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವನ್ನೇ ಇಂಗ್ಲಿಷಿನ ಅಧಿಕೃತ ಪಠ್ಯವೆಂದು ಭಾವಿಸಬೇಕೆಂದು ಅದೇ ವಿಧಿ ಹೇಳುತ್ತದೆ. ಕೇಂದ್ರದ ಕಾಯ್ದೆಗಳ ಕನ್ನಡ ಅನುವಾದಗಳಿಗೆ ಅಧಿಕೃತತೆ ಬರುವುದು ಅದಕ್ಕೆಂದೇ 1973ರಲ್ಲಿ ಮಾಡಿದ ಒಂದು ಅಧಿನಿಯಮದ ಮೂಲಕ. ಪುಸ್ತಕದಂಗಡಿಯಲ್ಲಿ ಸಿಗುವ ಖಾಸಗಿ ಅನುವಾದಕ್ಕೆ ಆ ಬಲವಿಲ್ಲ, ಅನುವಾದಕರು ಎಷ್ಟೇ ಪ್ರಾಮಾಣಿಕರಾಗಿರಲಿ. ಓದಿ ತಿಳಿಯಲು ಕನ್ನಡ ಪಠ್ಯ ಬಳಸಿ. ಅರ್ಜಿಯಲ್ಲೋ ದಾವೆಯಲ್ಲೋ ಒಂದು ಪದದ ಮೇಲೆಯೇ ನಿಮ್ಮ ವಾದ ನಿಂತಿದ್ದರೆ ರಾಜ್ಯಪತ್ರದ ಎರಡೂ ಪಠ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ನಂತರವೇ ಸಹಿ ಹಾಕಿ.